ವಿಶಾಲ ದೃಷ್ಟಿ

ಬೀಳ್ಕೊಡುಗೆಯ ಸಭೆಗಳಲ್ಲಿ ಮಾತನಾಡಬೇಕಾಗಿ ಬಂದವರಿಗೆ ಕೆಲವು ಮಾತುಗಳು ಬಹಳ ಉಪಕಾರಿ. ‘ವಿಶಾಲ ದೃಷ್ಟಿ’ ಎಂಬುದು ಅವುಗಳಲ್ಲಿ ಒಂದು. ನಿವೃತ್ತರಾಗುತ್ತಿರುವವರ ಪಾಂಡಿತ್ಯದ ವಿಷಯದಲ್ಲಿ ನಮಗೆ ಖಚಿತವಿಲ್ಲದಿದ್ದರೆ, ಅವರ ಕೋಪದ ವಿಷಯದಲ್ಲಿ ಎಲ್ಲರಿಗೂ ಖಚಿತವಿದ್ದರೆ, ‘ಅವರದು ವಿಶಾಲ ದೃಷ್ಟಿ’ ಎಂದುಬಿಟ್ಟರಾಯಿತು. ಸಭೆ ಚಪ್ಪಾಳೆ ತಟ್ಟುತ್ತದೆ, ಹೊಗಳಿಸಿಕೊಂಡವರಿಗೂ ಸಮಾಧಾನ. ಇಪ್ಪತ್ತು ವರ್ಷಗಳ ಅಧ್ಯಾಪಕ ವೃತ್ತಿಯಲ್ಲಿ ಈ ಮಾತನ್ನು ನಾನು ಎಷ್ಟು ಬಾರಿ ಆಡಿದ್ದೇನೆಂಬ ಲೆಕ್ಕವಿಲ್ಲ. ‘ದೃಷ್ಟಿಕೋನ’ ಎಂಬ ಇನ್ನೊಂದು ಮಾತನ್ನಂತೂ ತರಗತಿಯಲ್ಲಿ ದಿನವೂ ಬಳಸುತ್ತೇನೆ. ಕವಿಯ ದೃಷ್ಟಿಕೋನ, ವಿಮರ್ಶಕನ ದೃಷ್ಟಿಕೋನ. ಕೋನ ಎಂದ ಮೇಲೆ ಅದಕ್ಕೆ ಡಿಗ್ರಿಯ ಅಳತೆಯಿರಬೇಕು, ಅಗಲವಾದಷ್ಟೂ ಅದು ಏನನ್ನೋ ಬೆಲೆಯಾಗಿ ಕೇಳಬಹುದು ಎಂಬ ಯೋಚನೆ ಮಾತ್ರ ನನಗೆ ಎಂದೂ ಬಂದಿರಲಿಲ್ಲ. ಅದನ್ನು ನನಗೆ ಕಲಿಸಿದ್ದು ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಒಂದು ಕ್ಯಾಮೆರಾ ಲೆನ್ಸು.

ಅದನ್ನು ತಂದವನು ನನ್ನ ಹಳೆಯ ವಿದ್ಯಾರ್ಥಿ. ಕನ್ನಡದಲ್ಲಿ ಸಾಧಾರಣ ಅಂಕ ತೆಗೆದು ಪಾಸಾದವನು. ಈಗ ಮದುವೆ, ಗೃಹಪ್ರವೇಶಗಳ ಫೋಟೋ ಮತ್ತು ವಿಡಿಯೋ ತೆಗೆದು ನನಗಿಂತ ನೆಮ್ಮದಿಯಾಗಿದ್ದಾನೆ. ಅವನ ಚೀಲದಲ್ಲಿ ಲೆನ್ಸುಗಳು ಹಲವು. ಕೆಲವು ನಮ್ಮ ಹಳೆಯ ಕಾಲದ ಕಂಚಿನ ಚೊಂಬಿನಷ್ಟು ಭಾರ. ಇದೊಂದು ಮಾತ್ರ ಕಾಫಿಯ ಲೋಟದ ಅರ್ಧದಷ್ಟಿತ್ತು. ‘ಇದನ್ನು ನೋಡಿ ಸಾರ್, ಇಡೀ ಕಲ್ಯಾಣಮಂಟಪ ಇದರೊಳಗೆ ಹಿಡಿಯುತ್ತೆ’ ಎಂದು ನನ್ನ ಕೈಯಲ್ಲಿಟ್ಟ.

ನಮ್ಮ ಪಠ್ಯಪುಸ್ತಕಗಳು ಲೆನ್ಸನ್ನು ‘ಮಸೂರ’ ಎನ್ನುತ್ತವೆ. ಲ್ಯಾಟಿನ್ ಭಾಷೆಯಲ್ಲೂ ಲೆನ್ಸ್ ಎಂದರೆ ಅದೇ ಬೇಳೆಕಾಳು. ಉಬ್ಬಿದ ಗಾಜಿನ ಆಕಾರ ಕಾಳಿನಂತೆ ಕಂಡದ್ದರಿಂದ ಬಂದ ಹೆಸರು. ಇಂಥ ಕಾಳುಗಳನ್ನು ಹತ್ತಾರು ಪೋಣಿಸಿ ಒಂದು ಕೊಳವೆಯಲ್ಲಿ ಕೂಡಿಸಿದರೆ ಈಗಿನ ಲೆನ್ಸಾಗುತ್ತದೆ. ಮಾದರಿಗೆ ಹೇಳುವುದಾದರೆ, ಸೋನಿ ಕಂಪನಿಯವರು ೨೦೨೨ರಲ್ಲಿ ಹೊರತಂದ ೧೦ರಿಂದ ೨೦ ಮಿಲಿಮೀಟರಿನ ಜೂಮ್ ಲೆನ್ಸಿನ ತೂಕ ೧೭೮ ಗ್ರಾಂ. ಉದ್ದ ೫೫ ಮಿಲಿಮೀಟರ್. ಒಂದು ಬಾದಾಮಿ ಮಾವಿನಹಣ್ಣು ಇದಕ್ಕಿಂತ ಹೆಚ್ಚು ತೂಗುತ್ತದೆ. ಅದರ ನೋಟದ ಕೋನ ಒಂದು ಕೊನೆಯಲ್ಲಿ ೧೦೯ ಡಿಗ್ರಿ, ಇನ್ನೊಂದು ಕೊನೆಯಲ್ಲಿ ೭೦. ಒಳಗಿರುವ ಮೋಟಾರು ಸದ್ದಿಲ್ಲದೆ ಗಾಜುಗಳನ್ನು ಹಿಂದೆ ಮುಂದೆ ಸರಿಸುವುದರಿಂದ, ವಿಡಿಯೋ ತೆಗೆಯುವಾಗ ಕೈ ನಡುಗದೆ ನೋಟ ಅಗಲವಾಗುತ್ತ, ಕಿರಿದಾಗುತ್ತ ಹೋಗುತ್ತದೆ. ಹಾಗೆ ಸರಿದರೂ ಹೊರಗಿನ ಕೊಳವೆ ಒಂದಿಷ್ಟೂ ಉದ್ದವಾಗುವುದಿಲ್ಲ.

ಇಷ್ಟು ಕಿರಿದಾದದ್ದು ಹೇಗೆ ಎಂದು ಕೇಳಿದೆ. ಅವನು ಹೇಳಿದ ಕಾರಣ ಸೊಗಸಾಗಿತ್ತು. ಹಿಂದಿನ ಕ್ಯಾಮೆರಾಗಳಲ್ಲಿ ಲೆನ್ಸಿನ ಬೆನ್ನಿಗೂ ಫಿಲ್ಮಿಗೂ ನಡುವೆ ಒಂದು ಕನ್ನಡಿ ಮೇಲೆ ಕೆಳಗೆ ಏಳುತ್ತಿತ್ತು. ಅದಕ್ಕೆ ಜಾಗ ಬಿಡಬೇಕು. ನಿಕಾನ್ ಕ್ಯಾಮೆರಾಗಳಲ್ಲಿ ಲೆನ್ಸು ಕೂರುವ ಬಳೆಯಿಂದ ಫಿಲ್ಮಿನವರೆಗೆ ೪೬.೫ ಮಿಲಿಮೀಟರ್. ಆದರೆ ಅಗಲ ನೋಟದ ಲೆನ್ಸು ಸ್ವಭಾವತಃ ಫಿಲ್ಮಿನ ಹತ್ತಿರ ಬಂದು ಕೂರಬೇಕೆನ್ನುವ ಪ್ರಾಣಿ. ೧೯೫೦ರಲ್ಲಿ ಫ್ರಾನ್ಸಿನ ಆಂಜೆನ್ಯೂ ಇದಕ್ಕೊಂದು ಉಪಾಯ ಕಂಡುಹಿಡಿದ: ಮುಂದುಗಡೆ ತಗ್ಗು ಗಾಜುಗಳನ್ನಿಟ್ಟು ಲೆನ್ಸು ದೂರದಲ್ಲಿದ್ದೂ ಹತ್ತಿರವಿದ್ದಂತೆ ವರ್ತಿಸುವಂತೆ ಮಾಡಿದ. ಕೆಲಸವೇನೋ ಆಯಿತು, ಗಾತ್ರ ಬೆಳೆಯಿತು. ಈಗಿನ ಕ್ಯಾಮೆರಾಗಳಲ್ಲಿ ಕನ್ನಡಿಯೇ ಇಲ್ಲ. ಸೋನಿಯಲ್ಲಿ ಆ ದೂರ ೧೮ ಮಿಲಿಮೀಟರಿಗೆ ಇಳಿದಿದೆ. ಇನ್ನೊಂದು ಗುಟ್ಟೂ ಉಂಟು. ಗಾಜಿನಲ್ಲಿ ಪೂರ್ತಿ ತಿದ್ದದೆ ಉಳಿಸಿದ ಡೊಂಕನ್ನು ಅನೇಕ ಪುಟ್ಟ ಲೆನ್ಸುಗಳು ಕ್ಯಾಮೆರಾದೊಳಗಿನ ಗಣಕಕ್ಕೆ ಒಪ್ಪಿಸಿಬಿಡುತ್ತವೆ. ಚಿತ್ರ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಗೆರೆಗಳು ನೆಟ್ಟಗಾಗಿರುತ್ತವೆ. ನಮ್ಮ ಸಂಶೋಧನ ಪ್ರಬಂಧಗಳ ಕಾಗುಣಿತವನ್ನು ಮಾರ್ಗದರ್ಶಕರು ತಿದ್ದುವ ಹಾಗೆ.

ಈ ಜಾತಿಯ ಲೆನ್ಸಿನ ಕೀರ್ತಿಗೆ ಒಂದು ಕಳಂಕವಿದೆಯೆಂದು ಅವನೇ ನಕ್ಕು ಹೇಳಿದ. ಮಾರಾಟಕ್ಕಿರುವ ಮನೆಗಳ ಚಿತ್ರಗಳನ್ನು ತೆಗೆಯುವವರು ಇದಿಲ್ಲದೆ ಬದುಕಲಾರರು. ಹತ್ತಡಿ ಚೌಕದ ಮಲಗುವ ಕೋಣೆ ಇದರಲ್ಲಿ ದರ್ಬಾರು ಹಾಲಿನಂತೆ ಕಾಣುತ್ತದೆ. ಬೆಂಗಳೂರಿನಲ್ಲಿ ಮನೆ ಹುಡುಕಿದ ಅನುಭವವಿರುವ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅದಿರಲಿ. ನಾನು ಹೇಳಬೇಕೆಂದಿರುವುದು ೨೦೨೩ರ ಜುಲೈ ತಿಂಗಳ ಕೊನೆಯ ದಿನದ ಸಂಗತಿ. ಅಂದು ನಮ್ಮ ಪ್ರಾಂಶುಪಾಲರ ನಿವೃತ್ತಿ. ಸಮಾರಂಭ, ಹಾರ, ಪೇಟ, ಫಲತಾಂಬೂಲ ಎಲ್ಲ ಮುಗಿಯಿತು. ನಾನೂ ಎದ್ದು ನಿಂತು ವಿಶಾಲ ದೃಷ್ಟಿಯ ಮಾತನ್ನಾಡಿ ಕುಳಿತೆ. ಕಾಲೇಜಿನ ಮುಂದಿನ ಮೆಟ್ಟಿಲುಗಳ ಮೇಲೆ ಗುಂಪುಚಿತ್ರ ತೆಗೆಸುವುದು ಹಿಂದಿನಿಂದ ಬಂದ ಸಂಪ್ರದಾಯ. ಅಂದು ಮಳೆ ಹಿಡಿದುಕೊಂಡಿತು, ಬಿಡುವ ಲಕ್ಷಣವಿಲ್ಲ. ಪ್ರಾಂಶುಪಾಲರಿಗೆ ಸಂಜೆಯ ರೈಲು. ಕೊನೆಗೆ ಅಧ್ಯಾಪಕರ ಕೊಠಡಿಯಲ್ಲೇ ಆಗಲಿ ಎಂದು ತೀರ್ಮಾನವಾಯಿತು. ಕೊಠಡಿ ಉದ್ದವಾಗಿದೆ, ಅಗಲವಿಲ್ಲ. ಗೋಡೆಗೆ ಬೆನ್ನು ಹಚ್ಚಿ ನಿಂತರೂ ಛಾಯಾಗ್ರಾಹಕನಿಗೆ ಸಿಗುವುದು ಹತ್ತಡಿ ದೂರ. ನನ್ನ ಶಿಷ್ಯ ತನ್ನ ಪುಟ್ಟ ಲೆನ್ಸನ್ನು ಹೊರತೆಗೆದ. ಹತ್ತಡಿ ದೂರದಿಂದ ಇಪ್ಪತ್ತಮೂರು ಅಡಿ ಅಗಲದ ಸಾಲನ್ನು ಅದು ನುಂಗಿಕೊಂಡಿತು. ನಮಗೆಲ್ಲ ಬೆರಗು.

ಸಾಲಿನ ಕ್ರಮ ಯಾರೂ ಹೇಳದೆ ತಾನಾಗಿ ಏರ್ಪಟ್ಟಿತು. ನಡುವೆ ಪ್ರಾಂಶುಪಾಲರು, ಇಕ್ಕೆಲದಲ್ಲಿ ವಿಭಾಗಗಳ ಮುಖ್ಯಸ್ಥರು, ಕುರ್ಚಿಯಲ್ಲಿ. ನಾನು ನಡುವಿನಿಂದ ಮೂರನೆಯವನು. ಹಿಂದೆ ನಿಂತವರು ಕಿರಿಯರು. ನಿಂತವರ ಸಾಲಿನ ಎಡತುದಿಯಲ್ಲಿ ಆ ವರ್ಷವಷ್ಟೇ ಸೇರಿದ್ದ ಅತಿಥಿ ಉಪನ್ಯಾಸಕಿ ಒಬ್ಬರು. ಬಲತುದಿಯಲ್ಲಿ ನಮ್ಮ ಅಟೆಂಡರು. ಅವರು ಕಾಫಿ ಹಂಚುತ್ತಿದ್ದರು. ‘ನೀವೂ ಬನ್ನಿ’ ಎಂದು ಯಾರೋ ಕರೆದರು, ಬಹುಶಃ ಪ್ರಾಂಶುಪಾಲರೇ. ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಕೈ ಒರೆಸಿಕೊಂಡು, ಎಲ್ಲಿ ಜಾಗವಿತ್ತೋ ಅಲ್ಲಿ ಬಂದು ನಿಂತರು. ಬಲಗೈಯಲ್ಲಿ ಬೀಗದ ಕೈಗಳ ಗೊಂಚಲು. ಮೂವತ್ತೊಂದು ವರ್ಷ ಆ ಕಾಲೇಜಿನ ಬಾಗಿಲುಗಳನ್ನು ಬೆಳಗ್ಗೆ ತೆರೆದು ಸಂಜೆ ಮುಚ್ಚಿದವರು. ಇನ್ನೆರಡು ತಿಂಗಳಿಗೆ ಅವರೂ ನಿವೃತ್ತರಾಗುವವರಿದ್ದರು.

ಮರುದಿನ ಚಿತ್ರ ನೋಡಿದೆವು. ನಡುವೆ ಕುಳಿತ ನಾವೆಲ್ಲ ಹೇಗಿದ್ದೆವೋ ಹಾಗೇ ಬಂದಿದ್ದೆವು. ಕೆಲವರು ವಾಸ್ತವಕ್ಕಿಂತ ಚೆನ್ನಾಗಿಯೇ. ಅಂಚಿಗೆ ಹೋದಂತೆಲ್ಲ ಮುಖಗಳು ಅಗಲವಾಗುತ್ತ ಹೋಗಿದ್ದವು. ಬಲತುದಿಯ ಅಟೆಂಡರ ತೆಳ್ಳನೆಯ ಮುಖ ಅಡ್ಡಲಾಗಿ ಎಳೆದ ರಬ್ಬರಿನಂತೆ ಹಿಗ್ಗಿ, ಒಂದು ಕಿವಿ ಹೆಗಲಿನತ್ತ ಹರಿದುಹೋಗಿತ್ತು. ಕೈಯಲ್ಲಿದ್ದ ಗೊಂಚಲೂ ಹಿಗ್ಗಿತ್ತು. ಒಬ್ಬಿಬ್ಬರು ನಕ್ಕರು. ನಾನೂ ನಕ್ಕಿರಬೇಕು.

ಲೆನ್ಸು ಕೆಟ್ಟಿದೆಯೇ ಎಂದು ಕೇಳಿದೆ. ‘ಇಲ್ಲ ಸಾರ್, ಇದು ಸರಿಯಾಗಿರೋದರಿಂದಲೇ ಹೀಗೆ’ ಎಂದ ಶಿಷ್ಯ. ಆಮೇಲೆ ಅವನು ಕಾಗದದ ಮೇಲೆ ಗೆರೆ ಎಳೆದು ತೋರಿಸಿದ್ದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ನಮ್ಮ ಸುತ್ತಲಿನ ನೋಟ ಒಂದು ಗೋಳದ ಒಳಮೈಯಂತೆ. ಚಿತ್ರವೋ ಚಪ್ಪಟೆ ಹಾಳೆ. ಕಿತ್ತಲೆಯ ಸಿಪ್ಪೆಯನ್ನು ಹರಿಯದೆ ಮೇಜಿನ ಮೇಲೆ ಹರಡಲಾಗದು. ಭೂಪಟ ಬರೆಯುವವರಿಗೆ ಇದು ಹಳೆಯ ಸಂಕಟ. ನೋಟ ಕಿರಿದಾಗಿದ್ದಾಗ ಈ ತೊಂದರೆ ಲೆಕ್ಕಕ್ಕೆ ಬಾರದು. ಅಗಲವಾದಂತೆ ಎರಡರಲ್ಲೊಂದನ್ನು ಆರಿಸಲೇಬೇಕು. ಗೋಡೆ, ಕಂಬ, ಬಾಗಿಲುಗಳ ಗೆರೆಗಳು ನೆಟ್ಟಗಿರಬೇಕೆಂದರೆ ಅಂಚಿನ ದುಂಡು ವಸ್ತುಗಳು ಹಿಗ್ಗುತ್ತವೆ. ತಲೆಗಳು ದುಂಡಗೇ ಇರಲಿ ಎಂದರೆ ಗೋಡೆಗಳು ಬಿಲ್ಲಿನಂತೆ ಬಾಗುತ್ತವೆ. ಮೀನುಗಣ್ಣಿನ ಲೆನ್ಸು ಮಾಡುವುದು ಅದನ್ನೇ. ಎರಡನ್ನೂ ಉಳಿಸುವ ಲೆನ್ಸನ್ನು ಯಾವ ದೇಶದ ಯಾವ ಕಂಪನಿಯೂ ಮಾಡಿಲ್ಲ, ಮಾಡಲಾಗದು. ಸಾಮಾನ್ಯವಾಗಿ ಎಲ್ಲರೂ ಗೋಡೆಯ ಪಕ್ಷ ವಹಿಸಿದ್ದಾರೆ. ಹತ್ತು ಮಿಲಿಮೀಟರಿನಲ್ಲಿ ತೆಗೆದ ಚಿತ್ರದ ಅಡ್ಡ ಅಂಚಿನಲ್ಲಿ ಒಂದು ಚೆಂಡು ಇದ್ದರೆ ಅದರ ಅಗಲ ಎತ್ತರದ ಒಂದೂವರೆ ಪಟ್ಟಾಗುತ್ತದೆ.

ಇದರಲ್ಲಿ ಇನ್ನೂ ಒಂದು ಸ್ವಾರಸ್ಯವಿತ್ತು. ಅಟೆಂಡರ ತಲೆಯ ಹಿಂದೆ ಗೋಡೆಯ ಮೇಲೆ ಒಂದು ಕ್ಯಾಲೆಂಡರು ತೂಗುತ್ತಿತ್ತು. ಅದು ಒಂದಿಷ್ಟೂ ಹಿಗ್ಗಿರಲಿಲ್ಲ. ಅದರ ಮೇಲಿನ ದೇವರ ಮುಖ ಅಚ್ಚುಕಟ್ಟಾಗಿ ಬಂದಿತ್ತು. ‘ಚಪ್ಪಟೆಯಾಗಿ ಕ್ಯಾಮೆರಾಕ್ಕೆ ನೇರ ಇರೋದು ಏನೂ ಆಗಲ್ಲ ಸಾರ್. ಮುಂದೆ ಹಿಂದೆ ಮೈ ಇರೋದು ಮಾತ್ರ ಎಳೆದುಕೊಳ್ಳುತ್ತೆ’ ಎಂದ. ಅಂಚಿನಲ್ಲಿದ್ದ ಚಿತ್ರಪಟಕ್ಕೆ ತೊಂದರೆಯಿಲ್ಲ, ಅಂಚಿನಲ್ಲಿದ್ದ ಮನುಷ್ಯನಿಗೆ ತೊಂದರೆ.

ಈ ತೊಂದರೆ ಲೆನ್ಸಿನೊಡನೆ ಹುಟ್ಟಿದ್ದಲ್ಲ. ದೂರ ಹತ್ತಿರಗಳನ್ನು ಲೆಕ್ಕಾಚಾರದಿಂದ ಬರೆಯುವ ವಿದ್ಯೆಯನ್ನು ಇಟಲಿಯ ಚಿತ್ರಕಾರರು ಕಲಿತ ಕಾಲದಿಂದಲೂ ಅವರಿಗೆ ಇದು ಗೊತ್ತಿತ್ತು. ವ್ಯಾಟಿಕನ್ನಿನ ಒಂದು ಕೋಣೆಯ ಗೋಡೆಯ ಮೇಲೆ ರಾಫೇಲ್ ೧೫೦೯ರಿಂದ ೧೫೧೧ರ ನಡುವೆ ‘ಅಥೆನ್ಸಿನ ವಿದ್ಯಾಪೀಠ’ವನ್ನು ಬರೆದ. ಅದರ ಪ್ರತಿಗಳನ್ನು ಓದುಗರು ನೋಡಿರುತ್ತಾರೆ: ನಡುವೆ ಪ್ಲೇಟೋ ಮತ್ತು ಅರಿಸ್ಟಾಟಲ್, ಮೇಲೆ ಕಮಾನುಗಳ ಸಾಲು, ಮೆಟ್ಟಿಲುಗಳ ಮೇಲೆ ಚದುರಿದ ತತ್ತ್ವಜ್ಞಾನಿಗಳು. ಒಂದರ್ಥದಲ್ಲಿ ಅದೂ ಅಧ್ಯಾಪಕರ ಗುಂಪುಚಿತ್ರವೇ. ಕಟ್ಟಡ ಪೂರ್ತಿಯಾಗಿ ಲೆಕ್ಕದಂತೆ ಹಿಂದೆ ಸರಿಯುತ್ತದೆ. ಬಲಗಡೆಯ ಅಂಚಿಗೆ ಇಬ್ಬರು ಒಂದೊಂದು ಗೋಳ ಹಿಡಿದು ನಿಂತಿದ್ದಾರೆ; ಒಂದು ಭೂಗೋಳ, ಒಂದು ಖಗೋಳ. ಲೆಕ್ಕದ ಪ್ರಕಾರ ಆ ಗೋಳಗಳು ಮೊಟ್ಟೆಯಂತೆ ಹಿಗ್ಗಬೇಕಾಗಿತ್ತು. ರಾಫೇಲ್ ಅವನ್ನು ಕೈವಾರದಿಂದ ಎಳೆದಷ್ಟು ದುಂಡಗೆ ಬರೆದ. ಸುತ್ತ ನಿಂತ ಮನುಷ್ಯರನ್ನೂ ಎಳೆಯಲಿಲ್ಲ. ಕಲ್ಲಿಗೆ ಲೆಕ್ಕದ ನ್ಯಾಯ, ಮನುಷ್ಯನಿಗೆ ಬೇರೆ ನ್ಯಾಯ. ಆ ಗೋಳಗಳ ಮಗ್ಗುಲಲ್ಲೇ, ತೀರ ತುದಿಯಲ್ಲಿ, ಕಪ್ಪು ಟೋಪಿ ಧರಿಸಿ ನಮ್ಮತ್ತ ನೋಡುತ್ತಿರುವ ತರುಣನೊಬ್ಬನಿದ್ದಾನೆ. ಅವನೇ ರಾಫೇಲ್. ತಾನೂ ಅಂಚಿನಲ್ಲಿ ನಿಲ್ಲಬೇಕಾಗಿದ್ದುದರಿಂದ ಹೀಗೆ ಮಾಡಿದನೆಂದು ಹೇಳುವ ಆಸೆಯಾಗುತ್ತದೆ. ಸಾಹಿತ್ಯದ ಅಧ್ಯಾಪಕರಿಗೆ ಇಂಥ ಆಸೆಗಳು ಹೆಚ್ಚು. ಚಿತ್ರಕಾರರಲ್ಲಿ ಅದು ಬಳಕೆಯಲ್ಲಿದ್ದ ರೂಢಿಯೆಂಬುದೇ ಸರಿ. ಆದರೂ ರೂಢಿಯಲ್ಲಿ ಇಂಥ ದಯೆ ಇರಬಹುದೆಂಬುದು ಸಣ್ಣ ಮಾತಲ್ಲ.

ಅಂಚಿಗೆ ಇನ್ನೊಂದು ಅನ್ಯಾಯವೂ ಆಗುತ್ತದೆ. ಓರೆಯಾಗಿ ಬರುವ ಬೆಳಕು ಹಾಳೆಯನ್ನು ಮುಟ್ಟುವ ಹೊತ್ತಿಗೆ ತೆಳುವಾಗುತ್ತದೆ. ಸರಳವಾದ ಲೆನ್ಸಿನಲ್ಲಿ, ಐವತ್ತು ಡಿಗ್ರಿ ಪಕ್ಕದಲ್ಲಿದ್ದವನಿಗೆ ನಡುವಿನವನ ಬೆಳಕಿನ ಆರನೆಯ ಒಂದು ಪಾಲಷ್ಟೇ ದಕ್ಕುತ್ತದೆ. ಈಗಿನ ಲೆನ್ಸುಗಳು ಜಾಣತನದಿಂದ ಇದನ್ನು ಬಹುಮಟ್ಟಿಗೆ ತಗ್ಗಿಸಿವೆ; ಉಳಿದದ್ದನ್ನು ಗಣಕ ತುಂಬಿಕೊಡುತ್ತದೆ. ಹಿಂದೆ ಏನು ಮಾಡುತ್ತಿದ್ದರು? ಬರ್ಲಿನ್ನಿನ ಗೋರ್ಟ್ಸ್ ಕಂಪನಿ ೧೯೦೦ರ ಸುಮಾರಿಗೆ ಹೈಪರ್ಗಾನ್ ಎಂಬ ಲೆನ್ಸು ಮಾಡಿತು. ಎರಡೇ ಗಾಜು, ಪುಟ್ಟ ಗೋಲಿಯಂಥದು. ನೋಟದ ಕೋನ ೧೩೦ ಡಿಗ್ರಿಗೂ ಮೇಲೆ. ಅದರ ಮುಂದೆ ನಕ್ಷತ್ರದ ಆಕಾರದ ಒಂದು ಪುಟ್ಟ ತಗಡಿನ ಚಕ್ರ. ಛಾಯಾಗ್ರಾಹಕ ರಬ್ಬರಿನ ಬುರುಡೆ ಒತ್ತಿ ಗಾಳಿ ಊದಿದರೆ ಆ ನಕ್ಷತ್ರ ಗಿರ್ರೆಂದು ತಿರುಗುತ್ತಿತ್ತು. ತಿರುಗುವಾಗ ನಡುವಿನ ಬೆಳಕನ್ನು ತಡೆದು ಅಂಚಿಗೆ ಮಾತ್ರ ಬಿಡುತ್ತಿತ್ತು. ಅಂಚಿನವರಿಗೆ ಸಾಕಷ್ಟು ಬೆಳಕು ಸಂದ ಮೇಲೆ ನಕ್ಷತ್ರವನ್ನು ಕೆಳಗಿಳಿಸಿ ನಡುವಿನವರಿಗೆ ಸ್ವಲ್ಪ ಹೊತ್ತು ಬಿಡುವುದು. ನಮ್ಮ ಸಮಾರಂಭಗಳಲ್ಲಿ ಇಂಥ ನಕ್ಷತ್ರವೊಂದು ಇದ್ದಿದ್ದರೆ ಅಧ್ಯಕ್ಷರ ಭಾಷಣ ಎಷ್ಟು ಹೊತ್ತಿಗೆ ಮುಗಿಯುತ್ತಿತ್ತೆಂದು ಊಹಿಸಿಕೊಳ್ಳಲು ಚೆನ್ನಾಗಿದೆ.

ಕಥೆಗೆ ಬರುತ್ತೇನೆ. ಬೀಳ್ಕೊಡುಗೆಯ ನೆನಪಿಗೆಂದು ಒಂದು ಪುಸ್ತಕ ಅಚ್ಚಾಗಬೇಕಾಗಿತ್ತು. ಅದರ ಸಂಪಾದಕ ನಾನು. ಗುಂಪುಚಿತ್ರ ಮೊದಲ ಪುಟಕ್ಕೆ. ಇಂಥ ಮುಖಗಳನ್ನು ಹಾಕುವುದು ಹೇಗೆ ಎಂದು ಶಿಷ್ಯನನ್ನು ಕೇಳಿದೆ. ‘ಸರಿಮಾಡಬಹುದು ಸಾರ್. ಮುಖಗಳನ್ನು ದುಂಡಗೆ ತರೋದಕ್ಕೆ ತಂತ್ರಾಂಶ ಇದೆ. ಬಾಗಿಲು ಸ್ವಲ್ಪ ಬಾಗುತ್ತೆ. ಒಂದು ಗಂಟೆ ಕೆಲಸ.’ ಸ್ವಲ್ಪ ತಡೆದು, ‘ಇಲ್ಲಾ ಅಂದ್ರೆ ಎರಡು ಕಡೆ ಸ್ವಲ್ಪ ಕತ್ತರಿಸಿದರೆ ಆಯಿತು. ಉಳಿದವರೆಲ್ಲ ಚೆನ್ನಾಗೇ ಇದಾರೆ’ ಎಂದ. ಹಾಳೆಗಳು ಮರುದಿನ ಮುದ್ರಣಕ್ಕೆ ಹೋಗಬೇಕಾಗಿತ್ತು. ನಾನು ‘ಒಂದು ಗಂಟೆ ಯಾಕೆ, ಬಿಡು’ ಎಂದೆ.

ಅವನು ಬೆರಳಿನಿಂದ ಪರದೆಯ ಎರಡು ಅಂಚುಗಳನ್ನು ಒಳಕ್ಕೆ ತಳ್ಳಿದ. ಎಡಗಡೆ ಒಬ್ಬರು, ಬಲಗಡೆ ಒಬ್ಬರು ಇಲ್ಲವಾದರು. ‘ತೆಗೆಯುವಾಗಲೇ ಹದಿಮೂರಕ್ಕೆ ಜೂಮ್ ಮಾಡಿದ್ದರೂ ಇದೇ ಬರ್ತಿತ್ತು ಸಾರ್’ ಎಂದು ನನಗೆ ಧೈರ್ಯ ಹೇಳಿದ. ಅದು ಸುಳ್ಳಲ್ಲ. ಜೂಮ್ ಎಂದರೆ ಹತ್ತಿರ ಹೋಗುವುದು ಎಂದು ನಾವು ತಿಳಿದಿದ್ದೇವೆ, ಅದು ತಪ್ಪು. ನಿಂತ ಜಾಗದಿಂದ ಕಾಲು ಕದಲದೆ ಇರುವಾಗ ಕಾಣುವ ವಸ್ತುಗಳ ಹಿಂದುಮುಂದು, ಚಿಕ್ಕದು ದೊಡ್ಡದು ಯಾವುದೂ ಬದಲಾಗುವುದಿಲ್ಲ. ಎಷ್ಟನ್ನು ಚೌಕಟ್ಟಿನ ಒಳಗೆ ಬಿಡಬೇಕು ಎಂಬುದಷ್ಟೇ ಬದಲಾಗುತ್ತದೆ. ಜೂಮ್ ಒಂದು ಬಗೆಯ ಕತ್ತರಿ.

ನಾನು ಮಾಡಿದ್ದು ತಪ್ಪೆಂದು ಆಗ ನನಗೆ ಅನಿಸಲಿಲ್ಲ. ಅನಿಸದಿರಲು ಸಾಕಷ್ಟು ಕಾರಣಗಳನ್ನು ಒಟ್ಟುಮಾಡಿಕೊಂಡಿದ್ದೆ. ವಿಕಾರವಾದ ಮುಖವನ್ನು ಅಚ್ಚುಹಾಕಿ ನಾಲ್ಕು ಜನ ನಗುವಂತೆ ಮಾಡುವುದಕ್ಕಿಂತ ಬಿಡುವುದೇ ಮರ್ಯಾದೆಯಲ್ಲವೆ? ಅವರ ಮೇಲಿನ ಗೌರವದಿಂದಲೇ ಅವರನ್ನು ತೆಗೆದೆ ಎಂದು ವಾದಿಸಬಹುದು. ಈ ವಾದ ಬಹಳ ದಿನ ನನ್ನ ಬಳಿ ಇತ್ತು. ಈಗಲೂ ಪೂರ್ತಿಯಾಗಿ ಬಿಟ್ಟುಹೋಗಿಲ್ಲ. ಎಲ್ಲರನ್ನೂ ಸೇರಿಸಿ ಕೆಲವರನ್ನು ವಿಕಾರಮಾಡುವುದು ಮೇಲೋ, ಕೆಲವರನ್ನೇ ಸೇರಿಸಿ ಸರಿಯಾಗಿ ತೋರಿಸುವುದು ಮೇಲೋ? ಇದು ಫೋಟೋದ ಪ್ರಶ್ನೆ ಮಾತ್ರವಲ್ಲ. ಸಾಹಿತ್ಯ ಚರಿತ್ರೆ ಬರೆಯುವವರಿಗೂ ಇದೇ ಪ್ರಶ್ನೆ. ಸಾವಿರ ವರ್ಷಗಳನ್ನು ಮುನ್ನೂರು ಪುಟಗಳಲ್ಲಿ ಹಿಡಿಯಹೊರಟರೆ ಪಂಪ, ಕುಮಾರವ್ಯಾಸರು ನಡುವೆ ನೆಟ್ಟಗೆ ಬರುತ್ತಾರೆ. ಅಂಚಿನ ಕವಿಗೆ ಒಂದು ವಾಕ್ಯ. ಆ ಒಂದು ವಾಕ್ಯದಲ್ಲಿ ಅವನು ಹಿಗ್ಗಿಯೋ ಕುಗ್ಗಿಯೋ ತಾನಲ್ಲದವನಾಗಿ ನಿಂತಿರುತ್ತಾನೆ. ಅವನನ್ನು ಬಿಟ್ಟೇಬಿಡಬೇಕೆ? ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಬಿಡುತ್ತಾರೆ, ಅಂಕ ಕಡಿಮೆಯಾಗುವುದಿಲ್ಲ.

ಆದರೆ ಒಂದು ವಿಷಯವನ್ನು ನಾನು ಮುಚ್ಚಿಡುತ್ತಿದ್ದೇನೆ. ನನ್ನ ಮುಂದಿದ್ದದ್ದು ಎರಡು ದಾರಿಗಳಲ್ಲ, ಮೂರು. ಮೂರನೆಯದಕ್ಕೆ ಒಂದು ಗಂಟೆ ಬೇಕಾಗಿತ್ತು. ಅಂಚಿನಲ್ಲಿದ್ದದ್ದು ಪ್ರಾಂಶುಪಾಲರ ಮುಖವಾಗಿದ್ದರೆ ಆ ಒಂದು ಗಂಟೆಯನ್ನು ನಾನು ಉಳಿಸುತ್ತಿದ್ದೆನೆ? ನನ್ನ ಮುಖವೇ ಆಗಿದ್ದರೆ?

ಕನ್ನಡದಲ್ಲಿ ‘ಕಡೆಗಣಿಸು’ ಎಂಬ ಕ್ರಿಯಾಪದವಿದೆ. ಅದನ್ನು ಪಾಠ ಹೇಳುವಾಗ ‘ಉಪೇಕ್ಷೆ ಮಾಡು’ ಎಂದು ಅರ್ಥ ಬರೆಸಿ ಮುಂದೆ ಹೋಗುತ್ತೇವೆ. ಬಿಡಿಸಿ ನೋಡಿದರೆ, ಕಡೆಯಲ್ಲಿ ಇರುವುದಾಗಿ ಗಣಿಸು. ಮೊದಲು ಒಬ್ಬನನ್ನು ಕಡೆಯಲ್ಲಿ ನಿಲ್ಲಿಸುವುದು, ಆಮೇಲೆ ಕಡೆಯಲ್ಲಿರುವನೆಂಬ ಕಾರಣಕ್ಕೆ ಎಣಿಕೆಯಿಂದ ಬಿಡುವುದು. ಎರಡು ಹೆಜ್ಜೆಗಳೂ ಒಂದೇ ಮಾತಿನಲ್ಲಿವೆ.

ಪುಸ್ತಕ ಬಂತು. ಎಲ್ಲರಿಗೂ ಒಂದೊಂದು ಪ್ರತಿ ಹಂಚಿದ್ದೂ ಆ ಅಟೆಂಡರೇ. ಅತಿಥಿ ಉಪನ್ಯಾಸಕಿ ಅಷ್ಟರಲ್ಲಿ ಬೇರೆ ಊರಿಗೆ ಹೋಗಿದ್ದರು. ಕೇಳಲು ಅವರು ಇರಲಿಲ್ಲ, ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ. ಇವರು ಕೊನೆಯ ಪ್ರತಿಯನ್ನು ತಮಗೆಂದು ಇಟ್ಟುಕೊಂಡು ನನ್ನ ಮೇಜಿನ ಬಳಿ ನಿಂತೇ ಮೊದಲ ಪುಟ ತೆರೆದರು. ಬೆರಳಿನಿಂದ ಹೆಸರುಗಳನ್ನು ಎಡದಿಂದ ಬಲಕ್ಕೆ ಓದಿಕೊಂಡು ಹೋದರು. ಕೊನೆ ಮುಟ್ಟಿದ ಮೇಲೆ ಇನ್ನೊಂದು ಸಲ ಓದಿದರು. ‘ಸಾರ್, ಅವತ್ತು ನಾನೂ ನಿಂತಿದ್ದೆನಲ್ಲಾ?’

ದೂರಿನ ದನಿಯಾಗಿರಲಿಲ್ಲ ಅದು. ನಿಜವಾಗಿಯೂ ತಮ್ಮ ನೆನಪಿನ ಮೇಲೆಯೇ ಅನುಮಾನ ಬಂದವರ ದನಿ. ನಾನು ‘ಲೆನ್ಸಿನ ತೊಂದರೆಯಪ್ಪಾ, ಅಂಚು ಸರಿಯಾಗಿ ಬರಲಿಲ್ಲ’ ಎಂದೆ. ‘ಹಂಗಾ’ ಎಂದು ಪುಸ್ತಕ ಮುಚ್ಚಿ ಗಂಟೆ ಹೊಡೆಯಲು ಹೋದರು. ಸೆಪ್ಟೆಂಬರಿನಲ್ಲಿ ಅವರಿಗೂ ನಿವೃತ್ತಿಯಾಯಿತು. ಅವರಿಗೆ ಅಧ್ಯಾಪಕರ ಕೊಠಡಿಯಲ್ಲಿ ಶಾಲು ಹೊದಿಸಿದೆವು. ಗುಂಪುಚಿತ್ರ ತೆಗೆಸಲಿಲ್ಲ.

ಲೆನ್ಸಿನ ತೊಂದರೆ ಎಂದೆನಲ್ಲ, ಅದು ಅರ್ಧ ನಿಜ. ನಿಜದ ಅರ್ಧವನ್ನು ಅಷ್ಟು ನಿರಾಯಾಸವಾಗಿ ಹೇಳುವ ಶಕ್ತಿ ನನಗೆ ಎಲ್ಲಿಂದ ಬಂತೋ ಕಾಣೆ. ನಮ್ಮ ಕಾಲೇಜಿನ ಪಡಸಾಲೆಯಲ್ಲಿ ಹಳೆಯ ಗುಂಪುಚಿತ್ರಗಳು ತೂಗುತ್ತವೆ. ಎಲ್ಲ ಬಯಲಿನಲ್ಲಿ, ದೂರದಲ್ಲಿ ಕ್ಯಾಮೆರಾ ಇಟ್ಟು ತೆಗೆದವು. ಅಂಚಿನ ಮುಖ ನಡುವಿನ ಮುಖದಷ್ಟೇ ದುಂಡಗಿದೆ. ಒಂದು ದಿನ ನಿಂತು ಎಲ್ಲವನ್ನೂ ನೋಡಿದೆ. ೧೯೬೨ರ ಚಿತ್ರದ ಕೆಳಗೆ ‘ಕುಳಿತವರು, ಎಡದಿಂದ ಬಲಕ್ಕೆ’ ಎಂದು ಆರಂಭವಾಗಿ ಪದವಿಗಳ ಸಮೇತ ಹೆಸರುಗಳು. ‘ನಿಂತವರು’ ಎಂಬಲ್ಲಿಗೆ ಪದವಿಗಳು ತೆಳುವಾಗುತ್ತವೆ. ತುದಿಯಲ್ಲಿ ಸಮವಸ್ತ್ರದ ಒಬ್ಬರಿದ್ದಾರೆ. ಅವರಿಗೆ ಬರಿಯ ಒಂದು ಹೆಸರು, ಇನಿಷಿಯಲ್ ಕೂಡ ಇಲ್ಲ. ೧೯೭೧ರದರಲ್ಲೂ ಹಾಗೆಯೇ, ೧೯೮೮ರದರಲ್ಲೂ ಹಾಗೆಯೇ. ಆ ಮೂಲೆಗೆ ಅವರನ್ನು ಕಳಿಸಿದ್ದು ಯಾವ ಗಾಜೂ ಅಲ್ಲ. ಆದರೂ ಆ ಛಾಯಾಗ್ರಾಹಕರು ಇಪ್ಪತ್ತು ಹೆಜ್ಜೆ ಹಿಂದಕ್ಕೆ ನಡೆದುಹೋಗಿದ್ದರು. ಅಂಚಿನ ಮನುಷ್ಯನ ಮುಖವಾದರೂ ಉಳಿಯಿತು. ಹೆಸರೂ, ಇನಿಷಿಯಲ್ ಇಲ್ಲದೆ ಹೋದರೂ, ಉಳಿಯಿತು.

ಕಳೆದ ತಿಂಗಳು ಶಿಷ್ಯ ಮತ್ತೆ ಸಿಕ್ಕಿದ್ದ. ಆ ದಿನದ ಮೂಲ ಚಿತ್ರ ಇದೆಯೇ ಎಂದು ಕೇಳಿದೆ. ಇತ್ತು; ಈ ಕಾಲದವರು ಏನನ್ನೂ ಅಳಿಸುವುದಿಲ್ಲ. ಒಂದು ಗಂಟೆಯ ಆ ಕೆಲಸವನ್ನು ಈಗ ಮಾಡಿಕೊಡುತ್ತೀಯಾ ಎಂದೆ. ‘ಮಾಡಿಕೊಡ್ತೀನಿ ಸಾರ್. ಆದರೆ ಅದೂ ಬೇಕಾಗಿಲ್ಲ’ ಎಂದು ಹೇಳಿ ಅವನು ನನ್ನನ್ನು ಮತ್ತೊಮ್ಮೆ ಬೆರಗುಗೊಳಿಸಿದ. ಅವನು ಹೇಳಿದ್ದು ಇಷ್ಟು: ಆ ಚಿತ್ರದಲ್ಲಿ ಸುಳ್ಳೇ ಇಲ್ಲ. ಅದನ್ನು ನೋಡಬೇಕಾದ ಜಾಗ ಒಂದಿದೆ; ನಾವು ಬೇರೆ ಜಾಗದಲ್ಲಿ ನಿಂತು ನೋಡುತ್ತೇವೆ, ಆದ್ದರಿಂದ ಹಿಗ್ಗಿದಂತೆ ಕಾಣುತ್ತದೆ. ಚಿತ್ರವನ್ನು ಎಷ್ಟು ಪಟ್ಟು ಹಿಗ್ಗಿಸಿ ಅಚ್ಚುಹಾಕಿದ್ದೇವೋ ಲೆನ್ಸಿನ ಮಿಲಿಮೀಟರನ್ನು ಅಷ್ಟರಿಂದ ಗುಣಿಸಿದರೆ ಆ ದೂರ ಸಿಗುತ್ತದೆ. ಕ್ಯಾಮೆರಾದೊಳಗಿನ ಫಲಕದ ಅಗಲ ೨೩.೫ ಮಿಲಿಮೀಟರ್, ಅಚ್ಚು ಹನ್ನೆರಡು ಅಂಗುಲವಾದರೆ ಹದಿಮೂರು ಪಟ್ಟು. ಹತ್ತು ಮಿಲಿಮೀಟರಿನ ಲೆನ್ಸಿಗೆ ಹದಿಮೂರು ಸೆಂಟಿಮೀಟರು, ಎಂದರೆ ಐದು ಅಂಗುಲ. ಅಲ್ಲಿ ಕಣ್ಣಿಟ್ಟರೆ ಅಂಚಿನ ಮುಖವನ್ನು ನಾವು ಓರೆಯಾಗಿ ನೋಡುತ್ತೇವೆ. ಓರೆಯಲ್ಲಿ ಅದು ಎಷ್ಟು ಹಿಗ್ಗಿತ್ತೋ ಅಷ್ಟೇ ಕುಗ್ಗುತ್ತದೆ.

ನಲವತ್ತು ದಾಟಿದವರ ಕಣ್ಣು ಐದಂಗುಲದಲ್ಲಿ ಏನನ್ನೂ ಓದಲಾರದು. ನನಗೆ ಚಿಕ್ಕಂದಿನಿಂದ ದೂರದೃಷ್ಟಿ ಮಂದ. ಸೋಡಾ ಶೀಸೆಯ ತಳದಂಥ ಕನ್ನಡಕ. ಅದನ್ನು ತೆಗೆದರೆ ಜಗತ್ತೆಲ್ಲ ಮಂಜು, ಮೂಗಿನ ತುದಿಯ ವಸ್ತು ಮಾತ್ರ ಸ್ಪಷ್ಟ. ಈ ದೋಷದಿಂದ ನನಗೆ ಯಾವ ಪ್ರಯೋಜನವೂ ಆದದ್ದಿಲ್ಲ. ಹನ್ನೆರಡಂಗುಲದ ಅಚ್ಚನ್ನು ಮನೆಗೆ ತಂದು, ಬಾಗಿಲು ಹಾಕಿಕೊಂಡು, ಕನ್ನಡಕ ತೆಗೆದು, ಒಂದು ಕಣ್ಣು ಮುಚ್ಚಿ, ಪ್ರಾಂಶುಪಾಲರ ಎದೆಯ ಹಾರಕ್ಕೆ ಮೂಗು ತಗಲುವಷ್ಟು ಹತ್ತಿರ ಹೋದೆ. ಕಣ್ಣನ್ನು ನಡುವೆಯೇ ನಿಲ್ಲಿಸಿ ಗುಡ್ಡೆಯನ್ನಷ್ಟೇ ಮೆಲ್ಲನೆ ಬಲಕ್ಕೆ ಹೊರಳಿಸಿದೆ. ಕುಳಿತವರು ಹೋದರು, ನಿಂತವರು ಹೋದರು, ಕ್ಯಾಲೆಂಡರಿನ ಕೆಳಗೆ ಒಂದು ತೆಳ್ಳನೆಯ ಮುಖ ಬಂತು. ಒಣಗಿದ ಕೆನ್ನೆ, ಸ್ವಲ್ಪ ಮುಂದೆ ಬಾಗಿದ ಕತ್ತು. ಕಿವಿ ಕಿವಿಯ ಜಾಗದಲ್ಲಿತ್ತು. ಕೈಯಲ್ಲಿ ಗೊಂಚಲು. ಕಾಫಿಯ ತಟ್ಟೆಯನ್ನು ಎಲ್ಲಿಟ್ಟೆನೆಂದು ಯೋಚಿಸುತ್ತಿರುವವರಂತೆ ಕಿಟಕಿಯ ಕಡೆ ಅರ್ಧ ತಿರುಗಿದ್ದರು.

ನನ್ನ ಹೆಂಡತಿ ಬಾಗಿಲು ತಟ್ಟಿ ಒಳಗೆ ಬಂದವಳು ಗಂಡನಿಗೆ ಏನಾಯಿತೆಂದು ಗಾಬರಿಯಾದಳು.

ಆ ಅಚ್ಚನ್ನು ರಟ್ಟಿಗೆ ಅಂಟಿಸಿ ಇಟ್ಟಿದ್ದೇನೆ. ಅವರು ಈಗ ತಮ್ಮ ಹಳ್ಳಿಯಲ್ಲಿದ್ದಾರೆ. ಕಚೇರಿಯಿಂದ ವಿಳಾಸ ತೆಗೆದುಕೊಂಡೆ, ಬಸ್ಸಿನಲ್ಲಿ ಮೂರು ಗಂಟೆಯ ದಾರಿ. ಹಿಂಬದಿಯಲ್ಲಿ ಹೆಸರುಗಳನ್ನು ಬರೆದಿದ್ದೇನೆ, ಎಡತುದಿಯ ಅತಿಥಿ ಉಪನ್ಯಾಸಕಿಯದೂ ಸೇರಿ, ಎಲ್ಲರಿಗೂ ಇನಿಷಿಯಲ್ ಸಮೇತ. ಐದಂಗುಲ ದೂರದಿಂದ ನೋಡಬೇಕೆಂಬುದನ್ನೂ ಬರೆಯಬೇಕೋ, ಅಥವಾ ಆ ಒಂದು ಗಂಟೆಯ ಕೆಲಸ ಮಾಡಿಸಿಯೇ ಒಯ್ಯಬೇಕೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಬರುವ ಭಾನುವಾರ ಹೊರಡೋಣವೆಂದಿದ್ದೇನೆ.